ಉಳಿಯ ದುಡಿಮೆಗೆ ಕಾಲೇಜಿನ ಜಮೆ
ಬಡಗಿ ಅಪ್ರೆಂಟಿಸ್ ತರಬೇತಿ, ಪದವಿ ಕ್ರೆಡಿಟ್ ಮತ್ತು ಬಾಗಲಕೋಟೆ ಜಿಲ್ಲೆಯ ಉದ್ದಿಮೆದಾರರ ಹೊಣೆ

ಬನದ ಹುಣ್ಣಿಮೆಗೆ ಬಾದಾಮಿ ಸಮೀಪ ನಡೆಯುವ ಬನಶಂಕರಿ ಜಾತ್ರೆ ನಾಟಕ ಕಂಪನಿಗಳಿಗೆ ಎಷ್ಟು ಪ್ರಸಿದ್ಧವೋ, ಕಟ್ಟಿಗೆಯ ಬಾಗಿಲು ಮತ್ತು ಚೌಕಟ್ಟುಗಳ ವ್ಯಾಪಾರಕ್ಕೂ ಅಷ್ಟೇ ಪ್ರಸಿದ್ಧವಾಗಿದೆ. ಹೊಸ ಮನೆ ಕಟ್ಟಿಸುವವರು ಸಾಲಾಗಿ ನಿಲ್ಲಿಸಿದ ಚೌಕಟ್ಟುಗಳ ನಡುವೆ ನಿಧಾನವಾಗಿ ನಡೆಯುತ್ತಾರೆ. ಕಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೂಲೆಯಲ್ಲಿ ಎರಡು ಕಟ್ಟಿಗೆಗಳು ಕೂಡುವ ಜಾಗದಲ್ಲಿ ಉಗುರು ಹೋಗುವಷ್ಟು ಸಂದು ಇದೆಯೇ ಎಂದು ಪರೀಕ್ಷಿಸುತ್ತಾರೆ. ಸಂದು ಇಲ್ಲವೆಂದಾದರೆ ಬೆಲೆಯ ಮಾತು ಆರಂಭವಾಗುತ್ತದೆ. ಆ ಚೌಕಟ್ಟನ್ನು ಮಾಡಿದವನು ಎಷ್ಟು ಓದಿದ್ದಾನೆ ಎಂದು ಜಾತ್ರೆಯಲ್ಲಿ ಯಾರೂ ಕೇಳುವುದಿಲ್ಲ.

ಜಾತ್ರೆಯ ಹೊರಗೆ ಆ ಪ್ರಶ್ನೆ ತಪ್ಪುವುದಿಲ್ಲ. ಅದೇ ಬಡಗಿಯು ಬೆಂಗಳೂರಿನ ಒಳಾಂಗಣ ವಿನ್ಯಾಸ ಸಂಸ್ಥೆಯಲ್ಲಿ ಮೇಲ್ವಿಚಾರಕನ ಹುದ್ದೆಗೆ ಅರ್ಜಿ ಹಾಕಿದರೆ, ಸರ್ಕಾರಿ ಕೆಲಸದ ಅಧಿಸೂಚನೆಯನ್ನು ಓದಿದರೆ, ಕೊನೆಗೆ ಹೆಣ್ಣು ನೋಡಲು ಹೋದರೂ, ಮೊದಲು ಕೇಳುವುದು ಪದವಿಯ ಕಾಗದವನ್ನು. ಹತ್ತು ವರ್ಷ ಉಳಿ ಹಿಡಿದ ಕೈಗೆ ಆ ಕಾಗದದಲ್ಲಿ ಒಂದು ಸಾಲೂ ಇರುವುದಿಲ್ಲ. ಇನ್ನೊಂದು ಕಡೆ, ಪದವಿಯ ಕಾಗದ ಇರುವ ಯುವಕರು ಕೈಯಲ್ಲಿ ಕೆಲಸವಿಲ್ಲದೆ ಬಾಗಲಕೋಟೆಯ ನವನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ ಹಿಡಿದು ಕುಳಿತಿದ್ದಾರೆ. ಒಬ್ಬನಿಗೆ ವಿದ್ಯೆ ಇದೆ, ದಾಖಲೆ ಇಲ್ಲ. ಇನ್ನೊಬ್ಬನಿಗೆ ದಾಖಲೆ ಇದೆ, ಕಸುಬಿಲ್ಲ.

ಈ ಎರಡನ್ನೂ ಒಂದೇ ಖಾತೆಗೆ ತರುವ ಕಾನೂನಿನ ವ್ಯವಸ್ಥೆ ಈಗ ಬಹುಮಟ್ಟಿಗೆ ಸಿದ್ಧವಾಗಿದೆ. ಅಪ್ರೆಂಟಿಸ್ ಆಗಿ ದುಡಿದ ಗಂಟೆಗಳು ಕಾಲೇಜಿನ ಕ್ರೆಡಿಟ್ ಆಗಿ ಜಮೆಯಾಗಬಲ್ಲವು. ಆದರೆ ಜಿಲ್ಲೆಯ ಸಣ್ಣ ಬಡಗಿ ಅಂಗಡಿಗಳು ಆ ವ್ಯವಸ್ಥೆಯ ಹೊಸ್ತಿಲ ಹೊರಗೇ ಉಳಿದಿವೆ. ಅವುಗಳನ್ನು ಒಳಗೆ ಕರೆತರುವ ಕೆಲಸವನ್ನು ವಾಣಿಜ್ಯೋದ್ಯಮ ಸಂಸ್ಥೆಗಳು ಮಾಡಬಲ್ಲವು ಎಂಬುದು ಈ ಲೇಖನದ ಆಶಯವಾಗಿದೆ.

ಕಲ್ಲಿನಲ್ಲಿ ಉಳಿದ ಮರದ ವಿದ್ಯೆ

ಕುಶಲಕರ್ಮಿಯ ಅರ್ಹತೆಯನ್ನು ಬರಹದಲ್ಲಿ ದಾಖಲಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿರುವ ಲಾಡಖಾನ್ ಗುಡಿಯ ಚಾವಣಿಯನ್ನು ನೋಡಿದವರಿಗೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಕಲ್ಲುಚಪ್ಪಡಿಗಳು ಕೂಡುವ ಸಂದುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊಂದಿಸಲಾಗಿದೆ. ಇದು ಮರದ ಮಾಳಿಗೆಯಲ್ಲಿ ಹಲಗೆಗಳ ಸಂದು ಮುಚ್ಚಲು ಬಡಗಿಯು ಬಳಸುವ ಉಪಾಯವೇ ಆಗಿದೆ. ಅಂದಿನ ಶಿಲ್ಪಿಗಳು ಮರದ ವಿದ್ಯೆಯನ್ನು ಕಲ್ಲಿಗೆ ಇಳಿಸಿದರು ಎಂಬುದಕ್ಕೆ ವಿದ್ವಾಂಸರು ಈ ಗುಡಿಯನ್ನು ಉದಾಹರಿಸುತ್ತಾರೆ.

ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಇನ್ನೂ ಸ್ಪಷ್ಟವಾದ ದಾಖಲೆಯಿದೆ. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಅದರ ಸೂತ್ರಧಾರಿಗೆ ದೊರೆತ ಬಿರುದು ಮತ್ತು ಮನ್ನಣೆಯನ್ನು ಹೆಸರು ಸಹಿತ ಹೇಳುತ್ತವೆ. ಕಟ್ಟಡ ಮತ್ತು ಪ್ರಾಸಾದಗಳ ಜೊತೆಗೆ ವಾಹನ, ಆಸನ ಮತ್ತು ಮಂಚಗಳ ನಿರ್ಮಾಣದಲ್ಲಿಯೂ ಆತ ಪರಿಣತನೆಂದು ಅಲ್ಲಿ ಹೊಗಳಲಾಗಿದೆ. ಆಸನ ಮತ್ತು ಮಂಚಗಳು ಬಡಗಿಯ ಕೆಲಸವೇ ಅಲ್ಲವೇ? ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಅದು ಕಲಿತ ವಿಷಯಗಳನ್ನು ಪಟ್ಟಿ ಮಾಡಿದ ಪ್ರಮಾಣಪತ್ರ. ನೀಡಿದವರು ಅರಸರು, ಬರೆದದ್ದು ಕಲ್ಲಿನ ಮೇಲೆ.

ಅದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ಬಲಿಷ್ಠ ವರ್ತಕ ಸಂಘವಾಗಿದ್ದರೆಂಬುದನ್ನು ವಾಣಿಜ್ಯ ಸಂಸ್ಥೆಯ ಸದಸ್ಯರಿಗೆ ನೆನಪಿಸಬೇಕಾಗಿಲ್ಲ. ವರ್ತಕರ ಸಂಘಟನೆ ಮತ್ತು ಕುಶಲಕರ್ಮಿಯ ಮನ್ನಣೆ, ಇವೆರಡೂ ಈ ಮಲಪ್ರಭಾ ಕಣಿವೆಯ ಹಳೆಯ ಆಸ್ತಿಗಳಾಗಿವೆ.

ಅಂಗಡಿಯೇ ಶಾಲೆ

ಕಾಲಾಂತರದಲ್ಲಿ ಬರಹದ ಮನ್ನಣೆ ಹೋಗಿ ವಿದ್ಯೆ ಮಾತ್ರ ಉಳಿಯಿತು. ಹಳ್ಳಿಯ ಬಡಿಗೇರ ಮನೆತನವು ರೈತರ ರಂಟೆ, ಕುಂಟೆ, ಕೂರಿಗೆ, ಚಕ್ಕಡಿಗಳನ್ನು ವರ್ಷವಿಡೀ ದುರಸ್ತಿ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ಪಡೆಯುತ್ತಿತ್ತು. ಮಗನು ತಂದೆಯ ಕೈ ನೋಡಿ ಕಲಿಯುತ್ತಿದ್ದನು. ಟ್ರ್ಯಾಕ್ಟರು ಬಂದ ಮೇಲೆ ಆಯದ ಜೋಳ ಕಡಿಮೆಯಾಯಿತು. ಬಡಿಗತನವು ಹಳ್ಳಿಯ ಕಣದಿಂದ ಪಟ್ಟಣದ ಅಂಗಡಿಗೆ ಸ್ಥಳಾಂತರಗೊಂಡಿತು.

ಇಳಕಲ್ಲಿನಲ್ಲಿ ಈ ವಿದ್ಯೆಗೆ ಮತ್ತೊಂದು ನಂಟಿದೆ. ಇಳಕಲ್ ಸೀರೆಯನ್ನು ನೇಯುವ ಕುಣಿಮಗ್ಗ ಸ್ವತಃ ಬಡಗಿಯ ಕೃತಿ. ಮಗ್ಗದ ಕಂಬ, ಬಟ್ಟೆ ಸುತ್ತುವ ದಿಂಡು, ಲಾಳಿ ಓಡುವ ಹಲಗೆ ಇವುಗಳಲ್ಲಿ ಒಂದು ನೂಲಿನಷ್ಟು ಓರೆಯಿದ್ದರೂ ಸೀರೆಯ ಅಂಚು ಸರಿಯಾಗಿ ಬರುವುದಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೀರೆಯ ಹಿಂದೆ ನೇಕಾರನ ಹೆಸರಾದರೂ ಕೇಳಿಬರುತ್ತದೆ. ಮಗ್ಗ ಕಟ್ಟಿದವನದು ಕೇಳಿಬರುವುದಿಲ್ಲ.

ಅಂಗಡಿಯಲ್ಲಿ ಕಲಿಕೆ ಒಂದು ಕ್ರಮದಲ್ಲಿ ಸಾಗುತ್ತದೆ. ಹೊಸದಾಗಿ ಬಂದ ಹುಡುಗನು ಮೊದಲು ಹೊಟ್ಟು ಗುಡಿಸುತ್ತಾನೆ, ಕಟ್ಟಿಗೆ ಹಿಡಿಯುತ್ತಾನೆ, ಉಳಿ ಮಸೆಯುತ್ತಾನೆ. ನಂತರ ಗರಗಸದಿಂದ ಗೆರೆಯ ಮೇಲೆ ಕೊಯ್ಯುವುದು, ಕೀಸುಳಿಯಿಂದ ಮಟ್ಟ ಮಾಡುವುದು, ಮೂಲೆಮಟ್ಟ ಇಟ್ಟು ಗುರುತು ಹಾಕುವುದು. ಒಂದು ಕಟ್ಟಿಗೆಯ ಹಲ್ಲು ಇನ್ನೊಂದರ ತೂತಿನಲ್ಲಿ ಮೊಳೆಯಿಲ್ಲದೆ ಬಿಗಿಯಾಗಿ ಕೂಡುವಂತೆ ಮಾಡಲು ಬಂದಾಗ ಅವನಿಗೆ ಸ್ವತಂತ್ರವಾಗಿ ಚೌಕಟ್ಟು ಒಪ್ಪಿಸುತ್ತಾರೆ. ಸಾಗವಾನಿ, ಮತ್ತಿ, ಬೇವು, ಜಾಲಿಗಳಲ್ಲಿ ಯಾವುದು ಮಳೆಗೆ ಉಬ್ಬುತ್ತದೆ, ಯಾವುದು ಬಿಸಿಲಿಗೆ ಸೀಳುತ್ತದೆ ಎಂಬುದು ಕಟ್ಟಿಗೆಯ ವಿಜ್ಞಾನ. ಒಂದು ಬಾಗಿಲಿಗೆ ಎಷ್ಟು ಘನ ಅಡಿ ಕಟ್ಟಿಗೆ ಬೇಕು, ಕೊಯ್ತದಲ್ಲಿ ಎಷ್ಟು ನಷ್ಟವಾಗುತ್ತದೆ, ಗಿರಾಕಿಗೆ ಎಷ್ಟು ಹೇಳಬೇಕು ಎಂಬುದು ವೆಚ್ಚ ಲೆಕ್ಕಶಾಸ್ತ್ರ. ಬಿ.ಕಾಂ. ವಿದ್ಯಾರ್ಥಿಯು ಪುಸ್ತಕದಲ್ಲಿ ಓದುವ ಅಂದಾಜು, ಸರಕು ನಷ್ಟ ಮತ್ತು ಲಾಭಾಂಶದ ಪಾಠಗಳನ್ನು ಈ ಹುಡುಗನು ತಪ್ಪಿದರೆ ಬೈಗುಳ ತಿನ್ನುತ್ತ ಕಲಿಯುತ್ತಾನೆ.

ಕೊರತೆ ಇರುವುದು ಕಲಿಕೆಯಲ್ಲಲ್ಲ, ದಾಖಲೆಯಲ್ಲಿ. ಯಾವ ದಿನ ಏನು ಕಲಿತನು, ಎಷ್ಟು ಗಂಟೆ ಕಲಿತನು, ಯಾರು ಪರೀಕ್ಷಿಸಿದರು ಎಂಬ ಒಂದು ಸಾಲಿನ ಬರಹವೂ ಅಂಗಡಿಯಲ್ಲಿ ಇರುವುದಿಲ್ಲ. ಬರೆದಿಡದ ವ್ಯವಹಾರವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು, ಕಾಲೇಜೂ ಒಪ್ಪಲಾರದು.

ಗಂಟೆಯಿಂದ ಕ್ರೆಡಿಟ್‌ಗೆ

1961ರ ಅಪ್ರೆಂಟಿಸ್ ಕಾಯ್ದೆಯು ಕಸುಬು ಕಲಿಯುವವನಿಗೆ ಕಾನೂನಿನ ಸ್ಥಾನವನ್ನು ಕೊಟ್ಟಿತು. ಸರ್ಕಾರಿ ಕಾಗದಗಳಲ್ಲಿ ಶಿಶಿಕ್ಷು ಎಂದು ಕರೆಯಲಾಗುವ ಅಪ್ರೆಂಟಿಸ್ ಮತ್ತು ಮಾಲೀಕನ ನಡುವೆ ಲಿಖಿತ ಒಪ್ಪಂದವಾಗಬೇಕು, ಅದು ನೋಂದಣಿಯಾಗಬೇಕು, ಮಾಸಿಕ ವೇತನಭತ್ಯೆ ಸಲ್ಲಬೇಕು. ಬಡಗಿ ಕೆಲಸವು ಈ ಕಾಯ್ದೆಯಡಿ ಗುರುತಿಸಲಾದ ಕಸುಬುಗಳಲ್ಲಿ ಒಂದಾಗಿದೆ. ಕನಿಷ್ಠ ವಯಸ್ಸು 14. ಅಪಾಯಕಾರಿ ಉದ್ದಿಮೆಗಳಲ್ಲಿ 18. ಅಪ್ರೆಂಟಿಸನು ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲವೆಂದು 18ನೆಯ ಕಲಮು ಸ್ಪಷ್ಟಪಡಿಸುತ್ತದೆ. ಆದರೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದೇ ಎಂಬುದನ್ನು ಮರೆಯಲಾಗದು.

ಐದು ದಶಕಗಳಿಗೂ ಹೆಚ್ಚು ಕಾಲ ಈ ತರಬೇತಿ ಒಂದು ಕಡೆ, ಕಾಲೇಜು ಇನ್ನೊಂದು ಕಡೆ ಇದ್ದವು. ಇವೆರಡರ ನಡುವೆ ಸೇತುವೆ ಕಟ್ಟಿದ್ದು ಇತ್ತೀಚಿನ ಕೆಲವು ನಿರ್ಧಾರಗಳು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಬಿ.ವೋಕ್. ಪದವಿಯನ್ನು ಆರಂಭಿಸಿ ಕೌಶಲ ತರಬೇತಿಗೆ ಪದವಿಯೊಳಗೆ ಸ್ಥಾನ ನೀಡಿತು. 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳು ಬಂದವು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಉಳಿತಾಯ ಖಾತೆಯಲ್ಲಿ ಹಣ ಇರುವಂತೆ ಅವನ ಹೆಸರಿನಲ್ಲಿ ಜಮೆಯಾಗಿರುತ್ತವೆ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೂ ಉಳಿಯುತ್ತವೆ. ಆದರೆ ಈ ಜಮೆಗೆ ಗರಿಷ್ಠ 7 ವರ್ಷಗಳ ಅವಧಿಯಿದೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಈ ಲೆಕ್ಕಕ್ಕೆ ಒಂದೇ ಅಳತೆಗೋಲನ್ನು ಕೊಟ್ಟಿತು. 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್. ತರಗತಿಯ ಪಾಠ, ಪ್ರಯೋಗಾಲಯ, ಕಾರ್ಯಾಗಾರ, ಅಪ್ರೆಂಟಿಸ್ ತರಬೇತಿ ಎಲ್ಲಕ್ಕೂ ಇದೇ ಅಳತೆ. ಅನುಭವ ಮತ್ತು ಪರಿಣತಿಗೆ ಹೆಚ್ಚಿನ ತೂಕ ನೀಡಿ, ಮೂಲ ಕ್ರೆಡಿಟ್‌ನ ಗರಿಷ್ಠ ಎರಡು ಪಟ್ಟಿನವರೆಗೆ ಪರಿಗಣಿಸುವ ಅವಕಾಶವನ್ನೂ ಅದರಲ್ಲಿ ಇರಿಸಲಾಗಿದೆ. 2025ರ ಅನುದಾನ ಆಯೋಗದ ಮಾರ್ಗಸೂಚಿಯಂತೆ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರುಗಳನ್ನು ಅಪ್ರೆಂಟಿಸ್ ತರಬೇತಿಯಲ್ಲಿಯೇ ಕಳೆಯಬಹುದು. ಕರ್ನಾಟಕದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂತಹ ಅಪ್ರೆಂಟಿಸ್ ಆಧಾರಿತ ಪದವಿಗಳು 2024-25ರಲ್ಲಿ ಆರಂಭಗೊಂಡವು. ಅವು ಹೆಚ್ಚಾಗಿ ಚಿಲ್ಲರೆ ಮಾರಾಟ, ಸರಕು ಸಾಗಣೆಯಂತಹ ಸೇವಾ ಕ್ಷೇತ್ರಗಳಿಗೆ ಸೇರಿದವು. ಮರಗೆಲಸದ ಕಡೆ ಇನ್ನೂ ಗಮನ ಹರಿಯಬೇಕಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯಲ್ಲಿ ಕಳೆದ ಎಲ್ಲ ಗಂಟೆಯೂ ಕ್ರೆಡಿಟ್ ಆಗುವುದಿಲ್ಲ. ಮೌಲ್ಯಮಾಪನಕ್ಕೆ ಒಳಪಟ್ಟ ಕಲಿಕೆಗೆ ಮಾತ್ರ ಕ್ರೆಡಿಟ್ ಸಲ್ಲುತ್ತದೆ. ಒಂದೇ ಬಗೆಯ ನೂರು ಚೌಕಟ್ಟು ಮಾಡಿದ ಮಾತ್ರಕ್ಕೆ ನೂರು ಪಾಠ ಕಲಿತಂತಾಗುವುದಿಲ್ಲ.

ಲೆಕ್ಕಿಗನಿಗೆ ಒಂದು ನ್ಯಾಯ, ಬಡಗಿಗೆ ಇನ್ನೊಂದು?

ಕೈಕೆಲಸದ ತರಬೇತಿಗೆ ಕಾಲೇಜಿನ ಮಾನ್ಯತೆ ಕೊಟ್ಟರೆ ಪದವಿಯ ಬೆಲೆ ಕುಗ್ಗುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. ಈ ಆಕ್ಷೇಪಕ್ಕೆ ಉತ್ತರವು ವರ್ತಕರು ಪ್ರತಿವರ್ಷ ಭೇಟಿ ಕೊಡುವ ಲೆಕ್ಕಪರಿಶೋಧಕರ ಕಚೇರಿಯಲ್ಲಿಯೇ ಇದೆ. ಸನ್ನದು ಲೆಕ್ಕಪರಿಶೋಧಕ ವೃತ್ತಿಯ ಬೆನ್ನೆಲುಬು ಆರ್ಟಿಕಲ್‌ಶಿಪ್. ಹಿರಿಯರೊಬ್ಬರ ಕೈಕೆಳಗೆ, ಗಿರಾಕಿಗಳ ನಿಜವಾದ ಪುಸ್ತಕಗಳ ಮೇಲೆ, ಅಲ್ಪ ಭತ್ಯೆ ಪಡೆದು ವರ್ಷಗಟ್ಟಲೆ ದುಡಿದು ಕಲಿಯುವ ಪದ್ಧತಿ ಅದು. ಮೂರು ವರ್ಷಗಳಿದ್ದ ಈ ಅವಧಿಯನ್ನು 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿಸಲಾಯಿತು. ಹೀಗೆ ಕಲಿತು, ಪರೀಕ್ಷೆ ಪಾಸು ಮಾಡಿ ಪಡೆದ ಅರ್ಹತೆಯನ್ನು ಅನುದಾನ ಆಯೋಗವು 2021ರ ಮಾರ್ಚ್ ತಿಂಗಳಿನಲ್ಲಿ ಸ್ನಾತಕೋತ್ತರ ಪದವಿಗೆ ಸಮಾನವೆಂದು ಒಪ್ಪಿತು. ಯಾರ ಪದವಿಯೂ ಅದರಿಂದ ಅಗ್ಗವಾಗಲಿಲ್ಲ.

ಆರ್ಟಿಕಲ್ ಕ್ಲರ್ಕಿನ ಕಲಿಕೆಗೂ ಬಡಗಿ ಹುಡುಗನ ಕಲಿಕೆಗೂ ಇರುವ ಅಂತರ ಮುಖ್ಯವಾಗಿ ಮೂರು: ಮೊದಲನೆಯವನಿಗೆ ನೋಂದಾಯಿತ ಒಪ್ಪಂದವಿದೆ, ಕಲಿಕೆಯ ದಾಖಲೆಯಿದೆ, ಹೊರಗಿನ ಸಂಸ್ಥೆ ನಡೆಸುವ ಕಟ್ಟುನಿಟ್ಟಿನ ಪರೀಕ್ಷೆಯಿದೆ. ಈ ಮೂರನ್ನು ಎರಡನೆಯವನಿಗೂ ಒದಗಿಸಿದರೆ ಆಕ್ಷೇಪಕ್ಕೆ ಆಧಾರ ಉಳಿಯುವುದಿಲ್ಲ.

ಜರ್ಮನಿಯಲ್ಲಿ ಇದನ್ನು ಒದಗಿಸಿದ್ದು ವಾಣಿಜ್ಯ ಮತ್ತು ಕಸುಬುದಾರರ ಸಂಸ್ಥೆಗಳೇ ಎಂಬುದು ಗಮನಾರ್ಹವಾಗಿದೆ. ಅಲ್ಲಿ ಮರಗೆಲಸದ ಅಪ್ರೆಂಟಿಸ್ ಅವಧಿ ಮೂರು ವರ್ಷ. ವಾರದ ಕೆಲವು ದಿನ ಕಾರ್ಯಾಗಾರ, ಕೆಲವು ದಿನ ವೃತ್ತಿ ಶಾಲೆ. ಒಪ್ಪಂದದ ನೋಂದಣಿ ಮತ್ತು ಅಂತಿಮ ಪರೀಕ್ಷೆಯ ಹೊಣೆ ಕಸುಬುದಾರರ ಸಂಸ್ಥೆಯದು. ಮುಂದೆ ಓದಿ ಮೇಸ್ತ್ರಿ ಪರೀಕ್ಷೆ ಪಾಸಾದವರನ್ನು ಆ ದೇಶದ ಅರ್ಹತಾ ಚೌಕಟ್ಟಿನಲ್ಲಿ ಸ್ನಾತಕ ಪದವಿಯ ಹಂತದಲ್ಲಿಯೇ ಇರಿಸಲಾಗಿದೆ. ಅಮೆರಿಕದಲ್ಲಿಯೂ ನೋಂದಾಯಿತ ಅಪ್ರೆಂಟಿಸ್ ತರಬೇತಿಯನ್ನು ಕಾಲೇಜು ಕ್ರೆಡಿಟ್ ಆಗಿ ಒಪ್ಪುವ ಕಾಲೇಜುಗಳ ಒಕ್ಕೂಟ 2014ರಲ್ಲಿ ರಚನೆಯಾಯಿತು.

ಎರಡು ಅಡಚಣೆಗಳು

ವ್ಯವಸ್ಥೆ ಇದ್ದರೂ ಹುನಗುಂದ ಅಥವಾ ಇಳಕಲ್ಲಿನ ಬಡಗಿ ಅಂಗಡಿಗೆ ಅದು ತಲುಪದಿರಲು ಮುಖ್ಯ ಕಾರಣಗಳು ಎರಡು.

ಮೊದಲನೆಯದು ಅಂಗಡಿಯ ಗಾತ್ರ. 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವ ಸಂಸ್ಥೆಗಳಿಗೆ ಅದು ಐಚ್ಛಿಕ. ತಂದೆ, ಮಗ ಮತ್ತು ಒಬ್ಬ ಸಹಾಯಕ ಸೇರಿ ನಡೆಸುವ ಅಂಗಡಿಯು ಈ ಲೆಕ್ಕಕ್ಕೇ ಬರುವುದಿಲ್ಲ. ವಿದ್ಯೆ ಅತಿ ಹೆಚ್ಚಾಗಿರುವ ಜಾಗವೇ ಕಾನೂನಿನ ಕಣ್ಣಿಗೆ ಕಾಣದ ಜಾಗವಾಗಿದೆ.

ಎರಡನೆಯದು ಹಂತದ ಪ್ರಶ್ನೆ. ಕ್ರೆಡಿಟ್‌ಗೆ ಸಂಖ್ಯೆಯಷ್ಟೇ ಅಲ್ಲ, ಎತ್ತರವೂ ಇದೆ. ರಾಷ್ಟ್ರೀಯ ಚೌಕಟ್ಟಿನಲ್ಲಿ ಹನ್ನೆರಡನೆಯ ತರಗತಿ 4ನೆಯ ಹಂತ, ಪದವಿಯ ಮೊದಲ ವರ್ಷ 4.5, ಮೂರನೆಯ ವರ್ಷ 5.5. ಎಂಟನೆಯ ತರಗತಿ ಪಾಸಾದವರಿಗೆ ತೆರೆದಿರುವ ಐಟಿಐಯ ಒಂದು ವರ್ಷದ ಬಡಗಿ ತರಬೇತಿಯ ಹಂತ ಪದವಿಗಿಂತ ಕೆಳಗಿದೆ. ಆದ್ದರಿಂದ ಅಲ್ಲಿ ಗಳಿಸಿದ 40 ಕ್ರೆಡಿಟ್‌ಗಳನ್ನು ನೇರವಾಗಿ ಬಿ.ಕಾಂ. ಮೊದಲ ವರ್ಷಕ್ಕೆ ವರ್ಗಾಯಿಸಲು ಬರುವುದಿಲ್ಲ. ಈ ವಿಷಯವನ್ನು ಪೋಷಕರಿಗೆ ಮೊದಲೇ ತಿಳಿಸದೆ ಆಸೆ ಹುಟ್ಟಿಸುವುದು ತಪ್ಪಾಗುತ್ತದೆ.

ಹಾಗಾದರೆ ದಾರಿ ಯಾವುದು? ಹುಡುಗನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟವನು ಅಪ್ರೆಂಟಿಸ್ ಪ್ರಮಾಣಪತ್ರ ಅಥವಾ ಐಟಿಐ ತರಬೇತಿಯ ಜೊತೆಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿಯನ್ನು ಮುಗಿಸಬೇಕು. ಪಿಯುಸಿ ಮುಗಿಸಿದವನು ಅಪ್ರೆಂಟಿಸ್ ಆಧಾರಿತ ಪದವಿಗೆ ಸೇರಿ, ಪೀಠೋಪಕರಣ ಉದ್ದಿಮೆಯಲ್ಲಿ ಕಳೆದ ಸೆಮಿಸ್ಟರುಗಳನ್ನು ಅದೇ ಪದವಿಯ ಕ್ರೆಡಿಟ್ ಆಗಿ ಪಡೆಯಬಹುದು. ಈಗಾಗಲೇ ಹತ್ತು ವರ್ಷ ದುಡಿದವನು ಪೂರ್ವ ಕಲಿಕೆಯ ಮಾನ್ಯತೆಯ ಮೌಲ್ಯಮಾಪನಕ್ಕೆ ಒಳಪಟ್ಟು, ತನ್ನ ಹಂತವನ್ನು ಪ್ರಮಾಣಿಸಿಕೊಂಡು ಅಲ್ಲಿಂದ ಮುಂದೆ ಏರಬೇಕು.

ಖರ್ಚಿನ ಲೆಕ್ಕ

ಉದ್ದಿಮೆದಾರರು ಮೊದಲು ಕೇಳುವ ಪ್ರಶ್ನೆ ಖರ್ಚಿನದು. ಇಳಕಲ್ಲಿನಲ್ಲಿ ಆರು ಜನರಿರುವ ಒಂದು ಪೀಠೋಪಕರಣ ಕಾರ್ಯಾಗಾರವನ್ನು ಊಹಿಸಿಕೊಳ್ಳೋಣ. ಅದು ಹತ್ತನೆಯ ತರಗತಿ ಪಾಸಾದ ಒಬ್ಬ ಅಪ್ರೆಂಟಿಸನನ್ನು ಎರಡು ವರ್ಷಕ್ಕೆ ತೆಗೆದುಕೊಳ್ಳುತ್ತದೆ ಎಂದಿರಲಿ. 2019ರ ನಿಯಮಗಳು ಇಂತಹವನಿಗೆ ಕನಿಷ್ಠ 6,000 ರೂಪಾಯಿ ಮಾಸಿಕ ಭತ್ಯೆಯನ್ನು, ಎರಡನೆಯ ವರ್ಷ ಶೇ. 10ರ ಏರಿಕೆಯನ್ನು ನಿಗದಿಪಡಿಸಿದವು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯ ಪ್ರಕಾರ ಕನಿಷ್ಠ ಭತ್ಯೆಯ ಶೇ. 25, ಅಂದರೆ ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರದ ಪಾಲು. 2023ರಿಂದ ಈ ಪಾಲನ್ನು ನೇರವಾಗಿ ಅಪ್ರೆಂಟಿಸನ ಬ್ಯಾಂಕ್ ಖಾತೆಗೆ ಹಾಕುವ ಪದ್ಧತಿ ಬಂದಿತು.

ಈ ದರಗಳಂತೆ ಮೊದಲ ವರ್ಷ ಮಾಲೀಕನ ಪಾಲು ತಿಂಗಳಿಗೆ 4,500 ರೂಪಾಯಿ, ವರ್ಷಕ್ಕೆ 54,000. ಎರಡನೆಯ ವರ್ಷ ಭತ್ಯೆ 6,600, ಸರ್ಕಾರದ ಪಾಲು 1,500 ಕಳೆದು ಮಾಲೀಕನದು 5,100, ವರ್ಷಕ್ಕೆ 61,200. ಎರಡು ವರ್ಷದ ಒಟ್ಟು ಹೊರೆ 1,15,200 ರೂಪಾಯಿ. ಭತ್ಯೆಯ ದರವನ್ನು ಶೇ. 36ರಷ್ಟು ಏರಿಸಲು ಕೇಂದ್ರ ಅಪ್ರೆಂಟಿಸ್ ಮಂಡಳಿಯು 2025ರ ಮೇ ತಿಂಗಳಿನಲ್ಲಿ ಶಿಫಾರಸು ಮಾಡಿರುವುದರಿಂದ, ಒಪ್ಪಂದಕ್ಕೆ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಮತ್ತು ಯೋಜನೆಯ ಷರತ್ತುಗಳನ್ನು ನೋಡಿಕೊಂಡು ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿಕೊಳ್ಳಬೇಕು.

ಇದರ ಎದುರು ಬದಿಯಲ್ಲಿ ಏನಿದೆ? ಇಂದು ಅಂಗಡಿಗೆ ಸೇರಿದ ಹುಡುಗನು ಕೈ ಪಳಗುತ್ತಲೇ ಇನ್ನೊಂದು ಅಂಗಡಿಗೋ ಪುಣೆ ಅಥವಾ ಬೆಂಗಳೂರಿಗೋ ಹೊರಟುಬಿಡುತ್ತಾನೆ. ಮಾಲೀಕನು ಮತ್ತೆ ಹೊಟ್ಟು ಗುಡಿಸುವ ಹುಡುಗನಿಂದ ಆರಂಭಿಸಬೇಕಾಗುತ್ತದೆ. ಎರಡು ವರ್ಷದ ಕೊನೆಯಲ್ಲಿ ಪ್ರಮಾಣಪತ್ರ ಮತ್ತು ಕ್ರೆಡಿಟ್ ಕಾದಿದೆಯೆಂದಾದರೆ ನಡುವೆ ಬಿಟ್ಟುಹೋಗುವ ಮನಸ್ಸು ಕಡಿಮೆಯಾಗುತ್ತದೆ. ಮನೆಯವರಿಗೂ ಮಗನು ದುಡಿಯುತ್ತಲೇ ಓದುತ್ತಿದ್ದಾನೆ ಎಂದು ಹೇಳಿಕೊಳ್ಳಲು ಆಧಾರ ಸಿಗುತ್ತದೆ. ಸಿದ್ಧ ಅಡುಗೆಮನೆ, ಕಚೇರಿ ಪೀಠೋಪಕರಣಗಳಂತಹ ಹೊಸ ಕೆಲಸಗಳಿಗೆ ನಕ್ಷೆ ಓದಬಲ್ಲ, ಗಣಕಯಂತ್ರ ಚಾಲಿತ ಕೊರೆಯುವ ಯಂತ್ರವನ್ನು ನಡೆಸಬಲ್ಲ, ಗಿರಾಕಿಗೆ ಲಿಖಿತ ಅಂದಾಜು ಕೊಡಬಲ್ಲ ಬಡಗಿ ಬೇಕು. ಅಂಥವನು ಅಂಗಡಿಯೊಂದರಲ್ಲಿಯೇ ಅಥವಾ ಕಾಲೇಜೊಂದರಲ್ಲಿಯೇ ಸಿದ್ಧವಾಗಲಾರನು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ. ಜಿಲ್ಲೆಯ ಹುಡುಗರು ಕೆಲವು ವಾರಗಳನ್ನು ಅಲ್ಲಿ ಕಳೆಯುವಂತಾದರೆ ಯಂತ್ರದ ಪರಿಚಯವೂ ಆಗುತ್ತದೆ.

ಹಿರಿಯ ಬಡಗಿಗಳಿಗೂ ಇದರಲ್ಲಿ ಪಾಲಿರಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಗುರುತಿನ ಚೀಟಿ, ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಆಧಾರರಹಿತ ಸಾಲ ಅದರ ಅಂಶಗಳು. ಈ ಚೀಟಿ ಪದವಿಯ ಕ್ರೆಡಿಟ್ ಅಲ್ಲ. ಆದರೂ ಕಲಿಸುವ ಗುರುವಿನ ಅರ್ಹತೆಗೆ ಅದೊಂದು ಲಿಖಿತ ಪುರಾವೆಯಾಗುತ್ತದೆ. ಕುಶಲಕರ್ಮಿಗಳನ್ನು ಕಾಲೇಜುಗಳಲ್ಲಿ ಬೋಧನೆಗೆ ಆಹ್ವಾನಿಸಲು 2023ರಲ್ಲಿ ಅನುದಾನ ಆಯೋಗವೇ ಮಾರ್ಗಸೂಚಿ ಹೊರಡಿಸಿದೆ. ಪದವಿಯಿಲ್ಲದ ಬಡಗಿಯು ಪದವಿ ತರಗತಿಗೆ ಗುರುವಾಗಿ ಹೋಗುವ ದಾರಿ ಇಂದು ತೆರೆದಿದೆ.

ವಾಣಿಜ್ಯೋದ್ಯಮ ಸಂಸ್ಥೆ ಮಾಡಬಹುದಾದುದು

ಹಲವು ಮಾಲೀಕರು ತಾವಾಗಿಯೇ ಅಥವಾ ಅನುಮೋದಿತ ಸಂಸ್ಥೆಯೊಂದರ ಮೂಲಕ ಒಟ್ಟುಗೂಡಿ ಅಪ್ರೆಂಟಿಸ್‌ಗಳಿಗೆ ತರಬೇತಿ ನೀಡುವುದಕ್ಕೆ ಕಾಯ್ದೆಯಲ್ಲಿಯೇ ಅವಕಾಶವಿದೆ. ಮೇಲೆ ಹೇಳಿದ ಮೊದಲ ಅಡಚಣೆಗೆ ಪರಿಹಾರ ಇಲ್ಲಿಂದ ಆರಂಭವಾಗಬೇಕು. ಜಿಲ್ಲೆಯ ವಾಣಿಜ್ಯೋದ್ಯಮ ಸಂಸ್ಥೆಗಳು ಈ ಕೆಳಗಿನ ನಾಲ್ಕು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು.

1. ಗುಂಪು ರಚನೆ: ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲಿನ ಬಡಗಿ ಅಂಗಡಿಗಳ ಪಟ್ಟಿ ಮಾಡಿ, ನಾಲ್ವರಿಗಿಂತ ಕಡಿಮೆ ಜನರಿರುವ ಅಂಗಡಿಗಳನ್ನು ದೊಡ್ಡ ಕಾರ್ಯಾಗಾರದ ಜೊತೆ ಸೇರಿಸಿ, ಅಪ್ರೆಂಟಿಸ್ ಸಲಹಾಧಿಕಾರಿಯ ಅನುಮೋದನೆಗೆ ಪ್ರಸ್ತಾವ ಸಲ್ಲಿಸುವುದು. ಕಡ್ಡಾಯ ಮಿತಿಗೆ ಒಳಪಟ್ಟ ಸಿಮೆಂಟ್ ಮತ್ತು ಸಕ್ಕರೆ ಕಾರ್ಖಾನೆಗಳು ತಮ್ಮ ಪಾಲಿನಲ್ಲಿ ಒಂದಿಷ್ಟು ಸ್ಥಾನಗಳನ್ನು ಬಡಗಿ ಕಸುಬಿಗೆ ಮೀಸಲಿಡುವಂತೆ ಕೋರುವುದು.

2. ಕಲಿಕೆಯ ದಿನಚರಿ: ಕನ್ನಡದಲ್ಲಿ ಮುದ್ರಿಸಿದ ಸರಳ ಪುಸ್ತಕವೊಂದನ್ನು ಪ್ರತಿ ಅಪ್ರೆಂಟಿಸನಿಗೆ ಕೊಡುವುದು. ದಿನಾಂಕ, ಮಾಡಿದ ಕೆಲಸ, ಬಳಸಿದ ಉಪಕರಣ, ಗಂಟೆ, ಗುರುವಿನ ಸಹಿ ಇಷ್ಟಿದ್ದರೆ ಸಾಕು. ರೋಜುಕೀರ್ದಿ ಬರೆಯುವ ಶಿಸ್ತು ವರ್ತಕರಿಗೆ ಹೊಸದಲ್ಲ. ಅದೇ ಶಿಸ್ತನ್ನು ಹುಡುಗನ ವಿದ್ಯೆಗೂ ಅನ್ವಯಿಸುವುದಷ್ಟೇ ಇಲ್ಲಿಯ ಕೆಲಸ.

3. ಕಾಲೇಜಿನೊಡನೆ ಒಡಂಬಡಿಕೆ: 1906ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ಇಳಕಲ್ಲಿನ ಶ್ರೀ ವಿಜಯ ಮಹಾಂತೇಶ ವಿದ್ಯಾವರ್ಧಕ ಸಂಘ ಹಾಗೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಆಡಳಿತದೊಡನೆ ಮಾತುಕತೆ ನಡೆಸಿ, ವಿಶ್ವವಿದ್ಯಾಲಯದ ಒಪ್ಪಿಗೆಯೊಡನೆ ಅಪ್ರೆಂಟಿಸ್ ಆಧಾರಿತ ವಾಣಿಜ್ಯ ಪದವಿಯೊಂದನ್ನು ರೂಪಿಸುವುದು. ಮರಗೆಲಸದ ಕಾರ್ಯಾಗಾರ, ವೆಚ್ಚ ಲೆಕ್ಕ, ಜಿಎಸ್‌ಟಿ ಮತ್ತು ವಿನ್ಯಾಸ ಒಂದೇ ಪಠ್ಯದಲ್ಲಿ ಕೂಡಬಹುದು. ಉಳಿಯ ವಿದ್ಯೆಗೂ ವಿಶ್ವವಿದ್ಯಾಲಯಕ್ಕೂ ಸಂಬಂಧ ಕಲ್ಪಿಸುವುದು ಈ ಭಾಗಕ್ಕೆ ಅಪರಿಚಿತವೂ ಅಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಬಾದಾಮಿಯಲ್ಲಿ ಶಿಲ್ಪಕಲೆಯ ಶಿಕ್ಷಣಕ್ಕೆ ಕೇಂದ್ರವನ್ನು ತೆರೆದಿತ್ತು.

4. ಪರೀಕ್ಷೆಯ ವಿಶ್ವಾಸಾರ್ಹತೆ: ಸರ್ಕಾರದ ಮೌಲ್ಯಮಾಪನದ ಜೊತೆಗೆ ಜಿಲ್ಲೆಯ ಹಿರಿಯ ಬಡಗಿಗಳ ಸಮಿತಿಯೊಂದು ಪ್ರತಿ ಆರು ತಿಂಗಳಿಗೆ ಅಪ್ರೆಂಟಿಸ್‌ಗಳ ಕೆಲಸವನ್ನು ಪರೀಕ್ಷಿಸುವುದು. ತಮ್ಮ ಅಂಗಡಿಯ ಹುಡುಗನಿಗೆ ತಾವೇ ಅಂಕ ಕೊಡುವಂತಿರಬಾರದು. ಕಾಗದದ ಮೇಲೆ ಮಾತ್ರ ಅಪ್ರೆಂಟಿಸನನ್ನು ತೋರಿಸಿ ಭತ್ಯೆಯ ಪಾಲು ಪಡೆಯುವ, ಇಲ್ಲವೇ ಕಲಿಸದೆ ಅಗ್ಗದ ಕೂಲಿಯಾಗಿ ದುಡಿಸಿಕೊಳ್ಳುವ ಒಂದು ಪ್ರಕರಣ ನಡೆದರೂ ಇಡೀ ವ್ಯವಸ್ಥೆಯ ಹೆಸರು ಕೆಡುತ್ತದೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಾಗಿಲ್ಲ. ಮೊದಲ ವರ್ಷ ನಾಲ್ಕು ಊರುಗಳಲ್ಲಿ ತಲಾ ಐವರಂತೆ ಇಪ್ಪತ್ತು ಹುಡುಗರಿಂದ ಆರಂಭಿಸಿದರೂ ಸಾಕು. ಅವರಲ್ಲಿ ಹೆಣ್ಣುಮಕ್ಕಳೂ ಇರಬೇಕು. ವಿನ್ಯಾಸ, ಹೊಳಪು ಕೆಲಸ ಮತ್ತು ಯಂತ್ರ ನಿರ್ವಹಣೆಗೆ ಹೊಸ ಉದ್ದಿಮೆಯಲ್ಲಿ ಬೇಕಾಗುವುದು ತೋಳಿನ ಬಲಕ್ಕಿಂತ ಕೈಯ ನಿಖರತೆ.

ಹಳೆಯ ಬಾಗಲಕೋಟೆ ಆಲಮಟ್ಟಿಯ ಹಿನ್ನೀರಿಗೆ ಜಾಗ ಬಿಟ್ಟಾಗ ಮನೆಗಳಿಗೆ, ಅಂಗಡಿಗಳಿಗೆ, ಹೊಲಗಳಿಗೆ ಪರಿಹಾರದ ಲೆಕ್ಕ ಬರೆಯಲಾಯಿತು. ಆ ಮನೆಗಳ ಕಂಬ, ತೊಲೆ, ಜಂತಿಗಳನ್ನು ಕೆತ್ತಿದ ವಿದ್ಯೆಗೆ ಯಾವ ಪುಸ್ತಕದಲ್ಲಿಯೂ ಕಲಮು ಇರಲಿಲ್ಲ. ಇಂದು ಆ ಕಲಮು ಇದೆ, ಅದರ ಎದುರು ಮೊತ್ತ ಬರೆಯುವ ನಿಯಮವೂ ಇದೆ. ಮುಂದಿನ ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ಚೌಕಟ್ಟು ನಿಲ್ಲಿಸಿಕೊಂಡು ಕುಳಿತ ಯುವಕನ ಕೈಚೀಲದಲ್ಲಿ ಕಲಿಕೆಯ ದಿನಚರಿಯೊಂದು ಇರುವಂತಾಗಬೇಕಾದರೆ, ಅದರ ಮೊದಲ ಪುಟಕ್ಕೆ ಬೇಕಾದ ಸಹಿ ಸದಸ್ಯ ಉದ್ದಿಮೆದಾರರದು.